ಪೆನ್ಸಿಲ್ವೇನಿಯಾದ ಸರ್ಕಾರಿ ಕಾಡಿನಲ್ಲಿ ಜಿಂಕೆಗೆ ಮರಸು ಕೂರಲು ಜಾಗ ಆರಿಸುವುದು ಹೇಗೆ?

ನಿಮ್ಮ ಪ್ರಶ್ನೆ ಚಿಕ್ಕದಾಗಿ ಹೇಳಿದರೆ ಹೀಗಿದೆ: ಪೆನ್ಸಿಲ್ವೇನಿಯಾಕ್ಕೆ ಬಂದು ಮೂರು ವರ್ಷ ಆಗಿದೆ, ಹಂಟರ್ ಕೋರ್ಸ್ ಮುಗಿಸಿ ಈ ಸಲ ಮೊದಲ ಲೈಸೆನ್ಸ್ ಸಿಕ್ಕಿದೆ. ಸ್ವಂತ ಜಮೀನಿಲ್ಲ, ಪಬ್ಲಿಕ್ ಲ್ಯಾಂಡೇ ಗತಿ. ಮ್ಯಾಪ್ ತೆರೆದರೆ ಎಲ್ಲ ಗುಡ್ಡವೂ ಒಂದೇ ಥರ ಕಾಣುತ್ತದೆ. ಸ್ಟ್ಯಾಂಡ್ (ಮರದ ಮೇಲೆ ಕೂತು ಬೇಟೆಗೆ ಕಾಯುವ ಅಟ್ಟಣೆ) ಯಾವ ಮರಕ್ಕೆ ಕಟ್ಟಲಿ, ಒಂದು ಸಾಕಾ, "ಗಾಳಿ ನೋಡು" ಅಂತಾರಲ್ಲ, ಗಾಳಿಯಲ್ಲಿ ನೋಡುವುದಾದರೂ ಏನು?

ಮರ ಕೊನೆಗೆ. ಮೊದಲು, ಗಾಳಿ ಹೊತ್ತೊಯ್ಯುವ ನಿಮ್ಮ ಮೈವಾಸನೆ ಹೋಗಿ ಬಿದ್ದರೂ ಜಿಂಕೆಯ ಮೂಗಿಗೆ ಸಿಗದು ಅನ್ನುವ ಜಾಗ ಹುಡುಕಿ. ಅದು ಸಿಕ್ಕಿದರೆ ಪಕ್ಕದಲ್ಲಿ ಮರ ಇದ್ದೇ ಇರುತ್ತದೆ. ಇಷ್ಟು ತಲೆಗೆ ಹೋಗಲು ನನಗೆ ಮೂರು ಸೀಸನ್ ಹಿಡಿಯಿತು.

ನಾನು ತೀರ್ಥಹಳ್ಳಿ ಕಡೆಯವನು. ಈಗ ಇರುವುದು ಈ ರಾಜ್ಯದ ನಟ್ಟನಡುವೆ, ರಾಥ್‌ರಾಕ್ ಸ್ಟೇಟ್ ಫಾರೆಸ್ಟ್ ಪಕ್ಕ. ಟ್ರೀ ಸ್ಟ್ಯಾಂಡ್ ಅಂದರೆ ನಮ್ಮ ಕಡೆಯ ಮರಸು, ಬೇರೇನಲ್ಲ. 1972ರ ವನ್ಯಜೀವಿ ಕಾಯ್ದೆ ಬರುವ ಮೊದಲು ನಮ್ಮಜ್ಜ ಹಣ್ಣು ಉದುರುವ ಮರದ ಹತ್ತಿರ ಅಟ್ಟಣೆ ಕಟ್ಟಿ ಕೂರುತ್ತಿದ್ದರಂತೆ. ಹತ್ತುವ ಮೊದಲು ಒಂದು ಬೀಡಿ ಹಚ್ಚುವುದು, ಹೊಗೆ ಯಾವ ಕಡೆ ಹೋಯಿತು ನೋಡುವುದು, ಬೀಡಿಯನ್ನು ಕಲ್ಲಿಗೆ ಒತ್ತಿ ಆರಿಸುವುದು, ಆಮೇಲೆ ಮರ. ಕತೆ ಕೇಳುವಾಗ ನಾನು ಅದನ್ನು ಬೀಡಿ ಚಟ ಅಂದುಕೊಂಡಿದ್ದೆ.

ಈಗ ಮ್ಯಾಪ್. ಇಲ್ಲಿ ಗೇಮ್ ಕಮಿಷನ್ನಿನ (ಬೇಟೆ, ವನ್ಯಜೀವಿ ನೋಡಿಕೊಳ್ಳುವ ರಾಜ್ಯದ ಇಲಾಖೆ) ಜಾಗವೇ ಸುಮಾರು 15 ಲಕ್ಷ ಎಕರೆ, ಸ್ಟೇಟ್ ಫಾರೆಸ್ಟ್ ಇನ್ನೊಂದು 22 ಲಕ್ಷ ಎಕರೆ. ರಾಥ್‌ರಾಕ್ ಒಂದೇ ಲಕ್ಷ ಎಕರೆಗೆ ಸ್ವಲ್ಪ ಕಡಿಮೆ. ಹಾಗಾಗಿ ಮೊದಲ ಕೆಲಸ ಜಾಗ ಹುಡುಕುವುದಲ್ಲ, ಜಾಗ ಹೊಡೆದು ಹಾಕುವುದು. ಪಾರ್ಕಿಂಗ್, ಗೇಟು, ಜನ ನಡೆಯುವ ಟ್ರೇಲ್ ಎಲ್ಲ ಗುರುತು ಮಾಡಿ. ಸುಲಭವಾಗಿ ನಡೆದು ಹೋಗಬಹುದಾದ ಕಡೆಯೆಲ್ಲ ಜನ ಇರುತ್ತಾರೆ, ಅದು ಜಿಂಕೆಗೆ ನಮಗಿಂತ ಚೆನ್ನಾಗಿ ಗೊತ್ತು. ಹಾಗಂತ ಮೂರು ಮೈಲಿ ಒಳಗೆ ಹೋಗಲೇಬೇಕು ಅಂತಲ್ಲ. ರಸ್ತೆಯಿಂದ ಇನ್ನೂರು ಗಜದಲ್ಲಿ, ಕಡಿದಾದ ಏರು ಅಂತ ಯಾರೂ ಹತ್ತದೆ ಬಿಟ್ಟ ಮೂಲೆಗಳೂ ಇವೆ.

ಉಳಿದ ಜಾಗದಲ್ಲಿ ಕಾಂಟೂರ್ ಗೆರೆ ನೋಡಿ. ಇಲ್ಲಿಯ ಮಾಮೂಲಿ ಟೋಪೋ ಮ್ಯಾಪಿನಲ್ಲಿ ಒಂದು ಗೆರೆಗೂ ಇನ್ನೊಂದಕ್ಕೂ 20 ಅಡಿ ಎತ್ತರದ ವ್ಯತ್ಯಾಸ. ಗೆರೆಗಳು ಒತ್ತಾಗಿದ್ದರೆ ಕಡಿದು, ಬಿಡಿಬಿಡಿಯಾಗಿದ್ದರೆ ಸಮತಟ್ಟು. ಓರೆಯ ಮಧ್ಯೆ ಒತ್ತು ಗೆರೆಗಳು ಇದ್ದಕ್ಕಿದ್ದಂತೆ ಅಗಲವಾಗಿ, ಮತ್ತೆ ಒತ್ತಾದರೆ ಅಲ್ಲೊಂದು ಮೆಟ್ಟಿಲು ಇದೆ ಅಂತ ಅರ್ಥ. ಜಿಂಕೆ ನಮ್ಮ ಹಾಗೇ ಸೋಮಾರಿ, ಆ ಮೆಟ್ಟಿಲು ಹಿಡಿದೇ ಓಡಾಡುತ್ತದೆ. ಎರಡು ನೆತ್ತಿಗಳ ನಡುವಿನ ತಗ್ಗು, ಇಲ್ಲಿಯವರು ಸ್ಯಾಡಲ್ ಅನ್ನುವುದು, ಅದೂ ಒಳ್ಳೆಯದೇ. ಆದರೆ ಅದು ಎಲ್ಲರ ಫೋನಿನಲ್ಲೂ ಪಿನ್ ಆಗಿರುತ್ತದೆ.

ಕ್ಯಾಲ್‌ಟೋಪೋ ಅನ್ನುವ ಮ್ಯಾಪ್ ವೆಬ್‌ಸೈಟಿನಲ್ಲಿ ನೆಲದ ಉಬ್ಬುತಗ್ಗು ನೆರಳಿನಲ್ಲಿ ತೋರಿಸುವ ಲೈಡಾರ್ (ಲೇಸರ್‌ನಿಂದ ಅಳೆದ) ಪದರ ಇದೆ. ಒಮ್ಮೆ ಹಾಕಿ ನೋಡಿ. ಗುಡ್ಡದ ಓರೆಯಲ್ಲಿ ಅಲ್ಲಲ್ಲಿ ದುಂಡಗೆ, ಯಾರೋ ತಟ್ಟೆ ಒತ್ತಿದ ಹಾಗೆ ಗುರುತುಗಳು ಕಾಣುತ್ತವೆ. ಅವು ಹಿಂದೆ ಇದ್ದಿಲು ಸುಟ್ಟ ಸಮತಟ್ಟು ಜಾಗಗಳು. ಈ ಭಾಗದಲ್ಲಿ 19ನೇ ಶತಮಾನದಲ್ಲಿ ಕಬ್ಬಿಣದ ಕುಲುಮೆಗಳಿದ್ದವು. ಗ್ರೀನ್‌ವುಡ್ ಫರ್ನೇಸ್ 1834ರಿಂದ 1904ರವರೆಗೆ ನಡೆಯಿತು. ಕಾಡು ಕಡಿದು, ಇದ್ದಿಲು ಮಾಡಿ, ಗಾಡಿಯಲ್ಲಿ ಸಾಗಿಸುತ್ತಿದ್ದರು. ಆ ಗಾಡಿ ದಾರಿಗಳು ಇವತ್ತಿಗೂ ಓರೆಯಲ್ಲಿ ತೆಳ್ಳಗೆ ಉಳಿದಿವೆ. ಗಾಡಿ ಓಡಾಟ ನಿಂತಿತು, ಜಿಂಕೆಗಳು ಮಾತ್ರ ಇನ್ನೂ ಅದೇ ದಾರಿಯಲ್ಲಿವೆ. ನನಗೆ ತುಂಬ ಇಷ್ಟದ ವಿಷಯ ಇದು, ಬಿಟ್ಟರೆ ಇದನ್ನೇ ಬರೆಯುತ್ತಾ ಕೂರುತ್ತೇನೆ.

ಸ್ಯಾಟಲೈಟ್ ಚಿತ್ರವನ್ನು ಎಲೆ ಉದುರಿದ ಕಾಲದ್ದು ನೋಡಿ. ಓಕ್ ಮರಗಳು ಬೋಳಾಗಿ ಬೂದು ಕಾಣುವಾಗ, ಮೌಂಟನ್ ಲಾರೆಲ್ ಮತ್ತು ಹೆಮ್‌ಲಾಕ್ ಹಸಿರಾಗಿಯೇ ಉಳಿಯುತ್ತವೆ. ಆ ಹಸಿರೇ ಹಳು (ದಟ್ಟ ಪೊದೆ), ಹಗಲು ಜಿಂಕೆ ಮಲಗುವ ಜಾಗ. ಇನ್ನೊಂದು, ಮರ ಕಡಿದ ಕೆಲವು ಜಾಗಕ್ಕೆ ಇಲ್ಲಿ ಎಂಟು ಅಡಿ ಎತ್ತರದ ತಂತಿ ಬೇಲಿ ಹಾಕುತ್ತಾರೆ, ಎಳೆ ಗಿಡ ಜಿಂಕೆಗೆ ಸಿಗಬಾರದು ಅಂತ. ಮ್ಯಾಪಿನಲ್ಲಿ ಕಾಡಿನ ಮಧ್ಯೆ ಸ್ಕೇಲ್ ಇಟ್ಟು ಎಳೆದ ಹಾಗೆ ನೇರ ಅಂಚು ಕಂಡರೆ ಅದು ಬೇಲಿ ಇರಬಹುದು. ಹಾರಲಾಗದ ಬೇಲಿ ಸಿಕ್ಕಿದಾಗ ಜಿಂಕೆ ಅದರ ಪಕ್ಕದಲ್ಲೇ ನಡೆದು ಮೂಲೆ ಸುತ್ತುತ್ತದೆ. ಬೇಲಿ ಮೂಲೆ ಅಂದರೆ ಸರ್ಕಾರವೇ ನಿಮಗೆ ಮಾಡಿಕೊಟ್ಟ ಕಂಡಿ.

ಇಷ್ಟೆಲ್ಲ ಮಾಡಿಯೂ ನಾನು ಮಂಗ ಆಗಿದ್ದು ಗಾಳಿಯಿಂದ.

ಗಾಳಿಯ ಹೆಸರಿನಲ್ಲಿ ಹೊಸಬರು ತಪ್ಪುತ್ತಾರೆ. ನಮಗೆ ಆ ಕಷ್ಟ ಇಲ್ಲ. ನೈಋತ್ಯ ಮುಂಗಾರು ಅಂದರೆ ನೈಋತ್ಯದಿಂದ ಬರುವುದು, ಅಲ್ವಾ? ಹವಾಮಾನದ ಆ್ಯಪಿನಲ್ಲೂ ಹಾಗೇ. ವಾಯುವ್ಯ ಗಾಳಿ ಅಂದರೆ ವಾಯುವ್ಯದಿಂದ ಬಂದು ಆಗ್ನೇಯಕ್ಕೆ ಹೋಗುವುದು.

ನನ್ನ ಎರಡನೇ ಸೀಸನ್, ನವೆಂಬರ್ ಮೊದಲ ವಾರ. ಮ್ಯಾಪಿನಲ್ಲಿ ಒಂದು ಚಂದದ ಸ್ಯಾಡಲ್ ನೋಡಿಟ್ಟಿದ್ದೆ. ಆ್ಯಪ್ ವಾಯುವ್ಯ ಗಾಳಿ ಅಂತ ತೋರಿಸುತ್ತಿತ್ತು. ಜಿಂಕೆ ವಾಯುವ್ಯದ ಕಡೆಯಿಂದ ಹತ್ತಿ ಬರುತ್ತದೆ, ನಾನು ಆಗ್ನೇಯದ ತುದಿಯಲ್ಲಿ ಕೂತರೆ ವಾಸನೆ ನನ್ನ ಹಿಂದೆ ಹೋಗುತ್ತದೆ ಅಂತ ಲೆಕ್ಕ. ಏಳು ಗಂಟೆ ದಾಟಿತ್ತು. ಮೂರು ಹೆಣ್ಣು ಜಿಂಕೆ ಬಂದವು, ನನ್ನ ಬೆನ್ನ ಹಿಂದಿನಿಂದ, ಕೆಳಗಿನಿಂದ. ಸುಮಾರು ನಲವತ್ತು ಗಜದಲ್ಲಿ ಮುಂದಿನದು ನಿಂತಿತು. ಮೂತಿ ಮೇಲೆತ್ತಿತು. ಮುಂಗಾಲಿನಿಂದ ನೆಲಕ್ಕೆ ಎರಡು ಸಲ ಕುಟ್ಟಿತು. ಆಮೇಲೆ ಪ್ರೆಷರ್ ಕುಕ್ಕರಿನ ವೆಯ್ಟ್ ಎತ್ತಿದಂಥ ಒಂದು ಸೀಟಿ. ಮೂರೂ ಬಿಳಿ ಬಾಲ ಮೇಲೆತ್ತಿಕೊಂಡು ಹೋದವು. ಇಡೀ ಗುಡ್ಡಕ್ಕೆ ನಾನಲ್ಲಿದ್ದೇನೆ ಅಂತ ಡಂಗುರ ಆಯಿತು.

ಜೇಬಿನಲ್ಲಿ ಮಿಲ್ಕ್‌ವೀಡ್ ಕಾಯಿ ಇತ್ತು. ನಮ್ಮ ಎಕ್ಕದ ನೆಂಟ ಅದು. ಒಡೆದರೆ ಒಳಗೆ ಅದೇ ರೇಷ್ಮೆ ಥರದ ಹತ್ತಿ, ಚಿಕ್ಕವರಿದ್ದಾಗ ಅಜ್ಜನ ಗಡ್ಡ ಅಂತ ಊದುತ್ತಿದ್ದೆವಲ್ಲ, ಅಂಥದ್ದು. ಒಂದು ಎಳೆ ಬಿಟ್ಟೆ. ಆಗ್ನೇಯಕ್ಕೆ ಮೂವತ್ತು ಅಡಿ ನೇರವಾಗಿ ಹೋಯಿತು. ಗುಡ್ಡದ ಅಂಚು ದಾಟುತ್ತಲೇ ಲಿಫ್ಟಿನಲ್ಲಿ ಇಳಿದ ಹಾಗೆ ಕೆಳಗಿಳಿಯಿತು. ಅಲ್ಲಿ ಒಂದು ಸುತ್ತು ತಿರುಗಿ, ವಾಪಸ್ ನನ್ನ ಮರದ ಬುಡಕ್ಕೇ ಬಂತು. ಹೊಳೆಯಲ್ಲಿ ಬಂಡೆ ದಾಟಿದ ನೀರು ಬಂಡೆ ಹಿಂದೆ ಸುಳಿ ಹಾಕುತ್ತದಲ್ಲ, ಅದೇ ಆಟ. ಆ್ಯಪ್ ಹೇಳುವುದು ಬಯಲಿನ ಗಾಳಿ. ಗುಡ್ಡದ ಮರೆಯಲ್ಲಿ ಏನಾಗುತ್ತದೆ ಅಂತ ಅದು ಹೇಳುವುದಿಲ್ಲ. ಗಾಳಿ ನೋಡಲು ಅಂಗಡಿಯಲ್ಲಿ ಪುಡಿ ಬಾಟಲಿ ಸಿಗುತ್ತದೆ, ಆದರೆ ಪುಡಿ ಹತ್ತು ಅಡಿಗೆ ಮಾಯ. ಈ ಹತ್ತಿ ಐವತ್ತು ಗಜ ಹೋದರೂ ಬಿಸಿಲಿನಲ್ಲಿ ಕಾಣುತ್ತದೆ. ಸೆಪ್ಟೆಂಬರ್ ಕೊನೆಗೆ ರಸ್ತೆ ಬದಿಯಲ್ಲಿ ಎರಡು ಕಾಯಿ ಕಿತ್ತಿಟ್ಟುಕೊಳ್ಳಿ, ಸೀಸನ್ ಕಳೆಯುತ್ತದೆ.

ಇದರ ಮೇಲೆ ಬಿಸಿಲಿನ ಲೆಕ್ಕ. ಬೆಳಿಗ್ಗೆ ಬಿಸಿಲು ಬಿದ್ದು ನೆಲ ಕಾದಂತೆ ಗಾಳಿ ಓರೆ ಹಿಡಿದು ಮೇಲೇರುತ್ತದೆ. ಸಂಜೆ ತಣ್ಣಗಾದ ಗಾಳಿ ಕೆಳಗಿಳಿದು, ನೀರಿನ ಹಾಗೆ ಹಳ್ಳದಲ್ಲಿ ನಿಲ್ಲುತ್ತದೆ. ಗಾಳಿ ಜೋರಿದ್ದ ದಿನ ಇದು ಗೊತ್ತಾಗುವುದಿಲ್ಲ, ಗಾಳಿ ಬೀಸದ ದಿನ ಇದೇ ಎಲ್ಲ. ಹಾಗಾಗಿ ಸಂಜೆ ಹೊತ್ತು ಹಳ್ಳಗಳು ಸೇರುವ ಜಾಗದ ಮೇಲಿನ ಓರೆಯಲ್ಲಿ ಕೂರಬೇಡಿ.

ನಮ್ಮ ಭಾಗದ ಅಪಲೇಷಿಯನ್ ಗುಡ್ಡಗಳು ನೈಋತ್ಯದಿಂದ ಈಶಾನ್ಯಕ್ಕೆ ಉದ್ದಕ್ಕೆ ಮಲಗಿವೆ. ಚಳಿ ಬಿದ್ದ ದಿನ ವಾಯುವ್ಯ ಗಾಳಿ ಅವುಗಳ ಬೆನ್ನಿಗೆ ಅಡ್ಡ ಬಡಿಯುತ್ತದೆ. ಆಗ್ನೇಯ ಮಗ್ಗುಲು ಗಾಳಿ ಮರೆ, ಬೆಳಗಿನ ಬಿಸಿಲೂ ಅಲ್ಲೇ. ಗಂಡು ಜಿಂಕೆ ಆ ಮಗ್ಗುಲಲ್ಲಿ, ನೆತ್ತಿಯಿಂದ ಸ್ವಲ್ಪ ಕೆಳಗೆ ಮಲಗುತ್ತದೆ. ಬೆನ್ನ ಹಿಂದಿನದು ನೆತ್ತಿ ದಾಟಿ ಬರುವ ಗಾಳಿಯಲ್ಲಿ ಮೂಗಿಗೆ, ಕೆಳಗಿನದು ಕಣ್ಣಿಗೆ. ಬಿಸಿಲೇರಿದರೆ ಕೆಳಗಿನ ವಾಸನೆಯೂ ಮೇಲೆ ಬರುತ್ತದೆ. ಇದಕ್ಕಿಂತ ಒಳ್ಳೆ ಜಾಗ ಅದಕ್ಕೂ ಬೇಕಿಲ್ಲ.

ನನ್ನ ಈಗಿನ ಮರ ಅದೇ ಮಗ್ಗುಲಲ್ಲಿದೆ, ಸ್ಯಾಡಲ್‌ನಿಂದ ಅರ್ಧ ಮೈಲಿ ದೂರ. ಈ ಗುಡ್ಡಗಳ ಓರೆಯಲ್ಲಿ ಮರಳುಗಲ್ಲಿನ ದೊಡ್ಡ ದೊಡ್ಡ ಕಲ್ಲುರಾಶಿಗಳಿವೆ. ಮ್ಯಾಪಿನಲ್ಲಿ ಮರವಿಲ್ಲದ ಬೂದು ತೇಪೆಯ ಹಾಗೆ ಕಾಣುತ್ತವೆ. ಕಾಲು ಸಿಕ್ಕಿಕೊಳ್ಳುವ ಆ ಕಲ್ಲಿನ ಮೇಲೆ ಜಿಂಕೆ ಸುಮ್ನೆ ನಡೆಯುವುದಿಲ್ಲ. ಒಂದು ಕಡೆ ಮೆಟ್ಟಿಲಿನ ಮೇಲ್ಗಡೆ ಕಡಿದು, ಕೆಳಗಡೆ ಕಲ್ಲುರಾಶಿ, ಮಧ್ಯೆ ಹಳೆಯ ಇದ್ದಿಲು ಗಾಡಿಯ ದಾರಿ. ನನ್ನ ಸ್ಟ್ಯಾಂಡ್ ಕಲ್ಲುರಾಶಿಯ ಅಂಚಿನ ಓಕ್ ಮರದಲ್ಲಿ. ವಾಯುವ್ಯ ಗಾಳಿ ನನ್ನ ವಾಸನೆಯನ್ನು ಕಲ್ಲಿನ ಮೇಲೆ ಸುರಿಯುತ್ತದೆ. ಸಂಜೆ ಇಳಿಯುವ ಗಾಳಿಯೂ ಅಲ್ಲಿಗೇ. ಜಿಂಕೆ ದಾರಿಯಲ್ಲಿ ಅಡ್ಡಗಾಳಿಗೆ ನಡೆಯುತ್ತದೆ, ತನಗೆ ಎಲ್ಲ ಗೊತ್ತಾಗುತ್ತಿದೆ ಅಂದುಕೊಂಡಿರುತ್ತದೆ. ಅದಕ್ಕೆ ಹಾಗನ್ನಿಸಬೇಕು, ಇಲ್ಲದಿದ್ದರೆ ಆ ದಾರಿಗೆ ಬರುವುದೇ ಇಲ್ಲ. ಮೂರನೇ ಸೀಸನ್ನಿನಲ್ಲಿ ಅಲ್ಲಿ ಬಂದ ಮೊದಲ ಜಿಂಕೆ ಹದಿನೆಂಟು ಗಜದಲ್ಲಿ ನಿಂತು ಓಕ್ ಕಾಯಿ ಅಗಿಯುತ್ತಿತ್ತು. ಅಗಿಯುವ ಸದ್ದು ಮೇಲಕ್ಕೆ ಕೇಳಿಸುತ್ತಿತ್ತು. ಕ್ರಾಸ್‌ಬೋ ಎತ್ತುವಷ್ಟರಲ್ಲಿ ನನ್ನ ಕೈ ನಡುಗಿದ್ದು ಬೇರೆ ಕತೆ.

ಹೋಗುವ ದಾರಿಗೂ ಇದೇ ಲೆಕ್ಕ. ಕಾರಿನಿಂದ ಆ ಮರಕ್ಕೆ ನೇರ ಹೋದರೆ ಇಪ್ಪತ್ತು ನಿಮಿಷ, ಆದರೆ ವಾಯುವ್ಯ ಗಾಳಿಯಲ್ಲಿ ನನ್ನ ವಾಸನೆ ಅವು ಮಲಗುವ ಹಳುವಿಗೇ ಹೋಗುತ್ತದೆ. ಸುತ್ತಿ ಹೋದರೆ ಐವತ್ತು ನಿಮಿಷ. ನಾನು ಸುತ್ತಿಯೇ ಹೋಗುತ್ತೇನೆ. ವಾಸನೆ ತೆಗೆಯುವ ಸ್ಪ್ರೇ, ವಿಶೇಷ ಸೋಪು ಇವಕ್ಕೆ ದುಡ್ಡು ಹಾಕಬೇಡಿ ಅನ್ನುವುದು ನನ್ನ ಅಭಿಪ್ರಾಯ. ಬೇಟೆ ಬಟ್ಟೆಯನ್ನು ಮುಚ್ಚಳದ ಡಬ್ಬಿಯಲ್ಲಿ ಗ್ಯಾರೇಜಿನಲ್ಲಿಡಿ, ಸಾಕು. ನಮ್ಮ ಮನೆಯಲ್ಲಿ ಇಂಗಿನ ಒಗ್ಗರಣೆ ಬಿದ್ದರೆ ಜಾಕೆಟ್ಟು ಒಂದು ವಾರ ಮರೆಯುವುದಿಲ್ಲ.

ಮ್ಯಾಪಿನಲ್ಲಿ ಆರಿಸಿದ ಜಾಗವನ್ನು ಮಾರ್ಚಿನಲ್ಲಿ, ಹಿಮ ಕರಗಿದ ಮೇಲೆ ನಡೆದು ನೋಡಿ. ಹೋದ ಸೀಸನ್ನಿನ ಜಾಡು, ಕೊಂಬು ಉಜ್ಜಿದ ಗಿಡ ಎಲ್ಲ ಹಾಗೇ ಇರುತ್ತದೆ, ಆಗ ನೀವು ಓಡಾಡಿದರೂ ಯಾರಿಗೂ ನಷ್ಟವಿಲ್ಲ. ಹತ್ತು ಪಿನ್ನಿನಲ್ಲಿ ಎರಡು ಉಳಿದರೆ ಜಾಸ್ತಿ.

ರೈಫಲ್ ಸೀಸನ್ ಲೆಕ್ಕ ಬೇರೆ. 2019ರಿಂದ ಅದು ಥ್ಯಾಂಕ್ಸ್‌ಗಿವಿಂಗ್ ಮುಗಿದ ಶನಿವಾರ ಶುರುವಾಗುತ್ತದೆ, ಕಾಡು ತುಂಬ ಜನ. ತೀರ್ಥಹಳ್ಳಿ ಕಡೆ ಕೆಲವರು ಹಳು ಸೋವುತ್ತಿದ್ದರು (ಸದ್ದು ಮಾಡಿ ಪ್ರಾಣಿಗಳನ್ನು ಹೊರಗಟ್ಟುವುದು), ಕೋವಿಯವರು ಕಂಡಿಯಲ್ಲಿ ಕಾಯುತ್ತಿದ್ದರಲ್ಲ, ಹಾಗೇ. ಹತ್ತು ಗಂಟೆಗೆ ಚಳಿ ತಡೆಯದೆ ಮರ ಇಳಿದು ಕಾರಿಗೆ ಹೊರಡುವವರೇ ನಿಮಗೆ ಪುಕ್ಕಟೆ ಸೋವುವವರು. ದಟ್ಟ ಹಳುವಿಗೆ ನುಗ್ಗುವ ಬಾಯಲ್ಲಿ ಕೂತು ಮಧ್ಯಾಹ್ನದವರೆಗೂ ಇಳಿಯಬೇಡಿ. ಆಗ ತಲೆ, ಎದೆ, ಬೆನ್ನು ಸೇರಿ 250 ಚದರ ಇಂಚು ಹೊಳೆಯುವ ಕೇಸರಿ ಬಟ್ಟೆ ಕಡ್ಡಾಯ.

ರೂಲ್ಸ್ ಜಾಗಕ್ಕೊಂದು ಥರ ಇವೆ, ಸ್ಟ್ಯಾಂಡ್ ಯಾವಾಗ ಹಾಕಬಹುದು, ಯಾವಾಗ ತೆಗೆಯಬೇಕು ಅನ್ನುವುದನ್ನು ಆ ವರ್ಷದ ಡೈಜೆಸ್ಟ್‌ನಲ್ಲಿ (ಗೇಮ್ ಕಮಿಷನ್ನಿನ ಬೇಟೆ ನಿಯಮಗಳ ಪುಸ್ತಕ) ನೋಡಿ. ಮರಕ್ಕೆ ಮೊಳೆ ಹೊಡೆಯಬೇಡಿ, ಸ್ಟ್ಯಾಂಡ್ ಮೇಲೆ ನಿಮ್ಮ ಹೆಸರು ವಿಳಾಸ ಹಾಕಿ. ಕಾಲು ನೆಲ ಬಿಟ್ಟ ಕ್ಷಣದಿಂದ ಹಾರ್ನೆಸ್ (ಬಿದ್ದರೆ ಹಿಡಿಯುವ ಮೈಪಟ್ಟಿ) ಹಗ್ಗಕ್ಕೆ ಸಿಕ್ಕಿಸಿರಬೇಕು. ಎಚ್-1ಬಿ ಮೇಲಿದ್ದರೆ ಇನ್ನೊಂದು: ಆ ಥರದ ವೀಸಾದವರು ಕೋವಿ ಇಟ್ಟುಕೊಳ್ಳಲು ಫೆಡರಲ್ ಕಾನೂನಿನ ತಡೆ ಇದೆ, ಚಾಲ್ತಿಯಲ್ಲಿರುವ ಹಂಟಿಂಗ್ ಲೈಸೆನ್ಸ್ ಇದ್ದರೆ ವಿನಾಯಿತಿ. ಇಲ್ಲಿಯ ಲೈಸೆನ್ಸ್ ಜೂನ್ 30ಕ್ಕೆ ಮುಗಿಯುತ್ತದೆ. ಕೋವಿ ಕೊಳ್ಳುವ ಮೊದಲು ವಕೀಲರನ್ನು ಒಂದು ಮಾತು ಕೇಳಿ.

ಒಂದು ಸ್ಟ್ಯಾಂಡ್ ಸಾಕಾ ಅಂದಿರಿ. ಸ್ಟ್ಯಾಂಡ್ ಒಂದೇ ಸಾಕು, ಹೊತ್ತುಕೊಂಡು ಹೋಗುವಂಥದ್ದು. ಮರ ಗಾಳಿಗೊಂದು ಬೇಕು. ನನಗೆ ವಾಯುವ್ಯಕ್ಕೆ ಕಲ್ಲುರಾಶಿ ಇದೆ, ನೈಋತ್ಯಕ್ಕೆ ಒಂದು ಬೇಲಿ ಮೂಲೆ ಇದೆ. ಪೂರ್ವದ ಗಾಳಿಗೆ ಇನ್ನೂ ಮರ ಸಿಕ್ಕಿಲ್ಲ. ಆ ದಿನ ಮನೆಯಲ್ಲೇ ಇದ್ದು ಒಗ್ಗರಣೆ ಹಾಕುತ್ತೇನೆ.