ಬಾಯಿ ಬಿಡದ ಮಕ್ಕಳು ಚೀಟಿ ಬರೆಯುತ್ತಾರೆ

ಪ್ರಶ್ನೆ: ಡಾಕ್ಟ್ರೇ, ನಮ್ಮದು ಮಲ್ಪೆ ಹತ್ತಿರದ ಯುವತಿ ಮಂಡಲ. ಹೋದ ವರ್ಷ ಭಜನಾ ಮಂದಿರದ ಹಾಲ್‌ನಲ್ಲಿ ಹದಿಹರೆಯದವರಿಗೆ ಆರೋಗ್ಯ ಮಾಹಿತಿ ಇಟ್ಟಿದ್ದೆವು. ದೀಪ, ಸ್ವಾಗತ ಮುಗಿಯುವಾಗಲೇ ಮುಕ್ಕಾಲು ಗಂಟೆ. ಕೊನೆಗೆ ‘ಏನಾದರೂ ಕೇಳಿ’ ಎಂದರೆ ಒಬ್ಬರೂ ಬಾಯಿ ಬಿಡಲಿಲ್ಲ. ಇಂಥದ್ದೆಲ್ಲ ಹೇಳಿದರೆ ಮಕ್ಕಳು ಕೆಡುತ್ತಾರೆ ಅಂತ ಹಿರಿಯರು ಬೇರೆ ಗೊಣಗುತ್ತಿದ್ದಾರೆ. ಈ ಸಲ ಹೇಗೆ ಮಾಡಲಿ?

ಉತ್ತರ: ಎದುರಿನ ಸಾಲಿನಲ್ಲಿ ಸೋದರಮಾವ ಕೂತಿದ್ದರೆ ಯಾವ ಹುಡುಗಿ ಮುಟ್ಟಿನ ಬಗ್ಗೆ ಕೇಳುತ್ತಾಳೆ ಹೇಳಿ!

ಈ ಸಲ ವೇದಿಕೆ, ಶಾಲು, ಮೈಕ್ ಎಲ್ಲ ಬಿಡಿ. ಹುಡುಗ, ಹುಡುಗಿಯರನ್ನು ಬೇರೆ ಬೇರೆ ಕೂರಿಸಿ. ಎಲ್ಲರಿಗೂ ಒಂದೇ ತರದ ಚೀಟಿ, ಒಂದೇ ಬಣ್ಣದ ಪೆನ್ನು ಕೊಡಿ. ಕೇಳಲು ಏನೂ ಇಲ್ಲದವರು ‘ಏನೂ ಇಲ್ಲ’ ಅಂತಾದರೂ ಬರೆದು ಡಬ್ಬಿಗೆ ಹಾಕಬೇಕು. ಇಲ್ಲದಿದ್ದರೆ ಬರೆಯುವವರ ಮೇಲೇ ಎಲ್ಲರ ಕಣ್ಣು.

ಚೀಟಿ ಬಿಚ್ಚಿದಾಗ ನೋಡಿ. ನಿದ್ದೆಯಲ್ಲಿ ವೀರ್ಯ ಹೋದರೆ ಶಕ್ತಿ ಹೋಗುತ್ತದಾ ಅಂತ ಹುಡುಗರು ಕೇಳುತ್ತಾರೆ. ಇಲ್ಲ, ಅದು ಕಾಯಿಲೆಯೇ ಅಲ್ಲ. ‘ಗುಪ್ತರೋಗ’ದ ಬೋರ್ಡು ನೋಡಿ ದುಡ್ಡು ಸುರಿದವರು ಎಷ್ಟೋ ಜನ.

ಹುಡುಗಿಯರ ಕಡೆಯಿಂದ ನಮ್ಮೂರಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: ಮನೆಯಲ್ಲಿ ದೈವದ ನೇಮ ಇದೆ, ಮುಟ್ಟು ಮುಂದೆ ಹಾಕುವ ಮಾತ್ರೆ ತಗೊಳ್ಳಬಹುದಾ? ಮೆಡಿಕಲ್‌ನಿಂದ ಅಮ್ಮನೇ ತಂದುಕೊಟ್ಟಿರುತ್ತಾರೆ, ಅಲ್ವಾ? ಅದು ನೋರೆಥಿಸ್ಟೆರೋನ್ ಎಂಬ ಹಾರ್ಮೋನು. ಡಾಕ್ಟರಿಗೆ ಕೇಳದೆ ಬೇಡ. ಹಿಂದೆ ರಕ್ತ ಹೆಪ್ಪುಗಟ್ಟಿದ್ದವರಿಗೆ, ಲಿವರ್ ತೊಂದರೆ ಇದ್ದವರಿಗೆ ಅಪಾಯ. ಮುಟ್ಟು ಶುರುವಾದ ಒಂದೆರಡು ವರ್ಷ ಹಿಂದೆಮುಂದೆ ಆಗುವುದು ಸಹಜ. ಆದರೆ ಮೂರು ತಿಂಗಳು ಬಾರದಿದ್ದರೆ, ಗಂಟೆಗೊಂದು ಪ್ಯಾಡ್ ಬೇಕಾದರೆ ತೋರಿಸಲೇಬೇಕು.

ಕಾಲೇಜಿನವರು ಗರ್ಭ ನಿಲ್ಲದಂತೆ ತಡೆಯುವ ತುರ್ತು ಮಾತ್ರೆಯ ಬಗ್ಗೆ ಕೇಳುತ್ತಾರೆ. ಸಂಭೋಗವಾದ 72 ಗಂಟೆಯೊಳಗೆ, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಪ್ರತಿ ಸಲ ನುಂಗುವಂಥದ್ದಲ್ಲ. ಎಚ್‌ಐವಿಯನ್ನೂ ತಡೆಯುವುದಿಲ್ಲ. ಅದಕ್ಕೆ ಕಾಂಡೋಮೇ ಬೇಕು.

ಒಂದು ವಿಷಯದಲ್ಲಿ ಜಾಸ್ತಿ ಎಚ್ಚರ. 18 ತುಂಬದ ಮಗು ತನ್ನ ಮೇಲಾದ ಲೈಂಗಿಕ ದೌರ್ಜನ್ಯ ಬರೆದರೆ? ‘ಯಾರಿಗೂ ಹೇಳುವುದಿಲ್ಲ’ ಅಂತ ಮೊದಲೇ ಮಾತು ಕೊಡಬೇಡಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯಂತೆ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098 ಇದೆ.

ಹಿರಿಯರ ಜೊತೆ ಸುಮ್ನೆ ವಾದ ಬೇಡ. ಲೈಂಗಿಕ ಶಿಕ್ಷಣದಿಂದ ಮಕ್ಕಳು ಬೇಗ ಅದಕ್ಕೆ ಇಳಿಯುವುದಿಲ್ಲ ಅಂತ ಯುನೆಸ್ಕೊ 2018ರಲ್ಲೇ ಹೇಳಿದೆ. ಆದರೂ ಅದಕ್ಕಿಂತ, ಹಿಂದಿನ ದಿನ ಅಮ್ಮಂದಿರಿಗೆ ಚಹಾ ಕೊಟ್ಟು ಏನೇನು ಹೇಳುತ್ತೀರಿ ಅಂತ ತೋರಿಸುವುದು ಹೆಚ್ಚು ಕೆಲಸ ಮಾಡುತ್ತದೆ.

ಸರ್ಕಾರಿ ಆಸ್ಪತ್ರೆಗಳಲ್ಲಿ 10ರಿಂದ 19 ವರ್ಷದವರಿಗೆ ಸ್ನೇಹ ಕ್ಲಿನಿಕ್ ಇರುತ್ತದೆ. ಅಲ್ಲಿನ ಆಪ್ತಸಮಾಲೋಚಕರನ್ನೇ ಕರೆಸಿ. ಮುಖ ಪರಿಚಯವಾದರೆ ಮಕ್ಕಳು ಆಮೇಲೆ ಒಬ್ಬರೇ ಹೋಗುತ್ತಾರೆ. ಮತ್ತೆ ಆ ಚೀಟಿಗಳನ್ನು ಸಮಾಲೋಚಕರ ಕೈಗೇ ಕೊಟ್ಟುಬಿಡಿ. ಮಂದಿರದ ಕಪಾಟಿನಲ್ಲಿ ಮಾತ್ರ ಇಡಬೇಡಿ, ಅಕ್ಷರ ಗುರುತಿಸುವವರು ಊರಲ್ಲಿ ಬೇಕಾದಷ್ಟು ಜನ ಇರುತ್ತಾರೆ.