ಡರ್ಮಾ ರೋಲರ್ ಆಡಿಸಿದ ಮೇಲೆ ವಿಟಮಿನ್ ಸಿ ಹಚ್ಚಬಹುದೇ?

ಪ್ರಶ್ನೆ: ನನಗೆ 34 ವರ್ಷ. ಡೊಂಬಿವಲಿಯಿಂದ ದಿನಾ ಮುಂಬೈ ಲೋಕಲ್‌ ರೈಲಿನಲ್ಲಿ ಸಿಎಸ್‌ಎಂಟಿಗೆ ಓಡಾಟ. ಎರಡೂ ಕೆನ್ನೆಯ ಮೇಲೆ ಬಂಗು ಇದೆ. ವಿಟಮಿನ್ ಸಿ ಸೀರಮ್ ಹಚ್ಚಿದರೂ ಅಷ್ಟಕ್ಕಷ್ಟೇ. 0.5 ಮಿ.ಮೀ. ಉದ್ದದ ಸಣ್ಣ ಸೂಜಿಗಳಿರುವ ಡರ್ಮಾ ರೋಲರ್ ತರಿಸಿದ್ದೇನೆ. ಅದನ್ನು ಆಡಿಸಿ ಅದೇ ಸೀರಮ್ ಹಚ್ಚಿದರೆ ಚರ್ಮದೊಳಕ್ಕೆ ಇಳಿಯುತ್ತದಂತೆ, ಹೌದೇ ಡಾಕ್ಟರೇ?

ಉತ್ತರ: ಇಳಿಯುತ್ತದೆ, ತೊಂದರೆ ಶುರುವಾಗುವುದೂ ಅಲ್ಲಿಂದಲೇ. ಚರ್ಮದ ತೀರಾ ಹೊರಗಿನ ಸತ್ತ ಪದರ ಸುಮಾರು 0.02 ಮಿ.ಮೀ. ದಪ್ಪವಷ್ಟೇ. ಆದರೂ 500 ಡಾಲ್ಟನ್‌ಗಿಂತ (ಅಣುವಿನ ತೂಕದ ಅಳತೆ) ದೊಡ್ಡ ಅಣುಗಳನ್ನು ಅದು ಒಳಗೆ ಬಿಡುವುದು ಅಪರೂಪ. ವಿಟಮಿನ್ ಸಿ 176 ಡಾಲ್ಟನ್‌ನ ಸಣ್ಣ ಅಣು. ನೀರಿನಲ್ಲಿ ಕರಗುವಂಥದ್ದಾದ್ದರಿಂದ ಅದೂ ಸುಲಭವಾಗಿ ದಾಟದು. ಅದಕ್ಕೇ ಈ ಸೀರಮ್‌ಗಳನ್ನು 3.5ಕ್ಕಿಂತ ಕಡಿಮೆ ಪಿಎಚ್‌ನಲ್ಲಿ, ಅಂದರೆ ಚೆನ್ನಾಗಿ ಹುಳಿಯಾಗಿ ತಯಾರಿಸುತ್ತಾರೆ. ಸೂಜಿ ಚುಚ್ಚಿದ ಮೇಲೆ ಆ ಹುಳಿ, ಸುಗಂಧ, ಪ್ರಿಸರ್ವೇಟಿವ್ ಎಲ್ಲ ನೇರವಾಗಿ ಜೀವಂತ ಪದರಕ್ಕೆ ಹೋಗುತ್ತವೆ. ಮೈಕ್ರೋನೀಡ್ಲಿಂಗ್ (ಹೀಗೆ ಸಣ್ಣ ಸೂಜಿಗಳಿಂದ ಚರ್ಮ ಚುಚ್ಚುವ ಚಿಕಿತ್ಸೆ) ಮಾಡಿಸಿಕೊಂಡ ಮೂವರು ಮಹಿಳೆಯರ ಮುಖದಲ್ಲಿ ಗ್ರಾನ್ಯುಲೋಮಾ ಎಂಬ ಉರಿಯೂತದ ಗಂಟುಗಳೆದ್ದದ್ದು 2014ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿಯಾಗಿತ್ತು. ಪರೀಕ್ಷಿಸಿದಾಗ ಅವರಲ್ಲಿ ಇಬ್ಬರಿಗೆ, ಆಗ ಹಚ್ಚಿದ್ದ ವಿಟಮಿನ್ ಸಿ ಸೀರಮ್‌ಗೇ ಅಲರ್ಜಿ ಇತ್ತು.

ಗಂಟು ಅಪರೂಪ, ಉರಿಯೂತ ಅಪರೂಪವಲ್ಲ. ನಮ್ಮ ಗೋಧಿ, ಕಂದು ಬಣ್ಣದ ಚರ್ಮ ಉರಿದಲ್ಲೆಲ್ಲ ಕಪ್ಪಾಗುತ್ತದೆ. ಬಂಗು ಇರುವ ಕೆನ್ನೆಯಂತೂ ಕಾದುಕೊಂಡೇ ಇರುತ್ತದೆ. ಹೀಗಾಗಿ ಆ 0.5 ರೋಲರ್ ಎತ್ತಿಡಿ. ತಡೆಗೋಡೆ 0.02 ಮಿ.ಮೀ. ಇರುವಾಗ ಸೀರಮ್ ದಾಟಿಸಲು 0.2 ಅಥವಾ 0.25 ಧಾರಾಳ. ಗುಳಿಬಿದ್ದ ಮೊಡವೆ ಕಲೆಗೆ ಬೇಕಾಗುವ 1.5 ಮಿ.ಮೀ.ನಂಥ ಆಳ ಕ್ಲಿನಿಕ್‌ನ ಕೆಲಸ.

ಮಾಡಲೇಬೇಕೆಂದಿದ್ದರೆ ಶನಿವಾರ ರಾತ್ರಿ ಮಾಡಿ, ಭಾನುವಾರ ಮನೆಯಲ್ಲಿರಿ. ರೆಟಿನಾಲ್, ಗ್ಲೈಕೋಲಿಕ್ ಆಸಿಡ್, ಸ್ಯಾಲಿಸಿಲಿಕ್ ಆಸಿಡ್ ಇರುವ ಕ್ರೀಮ್, ಸೀರಮ್‌ಗಳನ್ನು ಐದು ದಿನ ಮೊದಲೇ ನಿಲ್ಲಿಸಿ. ಮುಖ ತೊಳೆದು ಪೂರ್ತಿ ಒಣಗಲಿ. ಒಂದು ಕೈಯಲ್ಲಿ ಚರ್ಮ ಬಿಗಿಹಿಡಿದು, ರೋಲರ್‌ನ ಭಾರವಷ್ಟೇ ಬೀಳುವಂತೆ ಉದ್ದಕ್ಕೆ ನಾಲ್ಕು ಸಲ, ಅಡ್ಡಕ್ಕೆ ನಾಲ್ಕು ಸಲ. ದಿಕ್ಕು ಬದಲಿಸುವಾಗ ಎತ್ತಿ ಇಡಬೇಕು. ಅಲ್ಲೇ ತಿರುಗಿಸಿದರೆ ಸೂಜಿ ಚರ್ಮವನ್ನು ಗೀರುತ್ತದೆ, ಒತ್ತಿ ಎಳೆದರೆ ರೈಲು ಹಳಿಯಂಥ ಸಾಲುಗಾಯ ಉಳಿಯಬಹುದು. ಕಣ್ಣುರೆಪ್ಪೆ, ತುಟಿ, ಹಸಿ ಮೊಡವೆ ಬಿಡಿ. ರಕ್ತದ ಚುಕ್ಕೆ ಕಂಡರೆ ನಿಲ್ಲಿಸಿ. ಆಮೇಲೆ ಹಚ್ಚುವುದು ಸುಗಂಧವಿಲ್ಲದ, ಚರ್ಮದ ತೇವ ಹಿಡಿದಿಡುವ ಸಾದಾ ಹೈಅಲುರಾನಿಕ್ ಆಸಿಡ್ ಮಾತ್ರ. ನಿಮ್ಮ ವಿಟಮಿನ್ ಸಿ ಮೂರು ದಿನ ಕಳೆದು, ಉರಿ ಕೆಂಪು ಏನೂ ಇಲ್ಲದಿದ್ದರೆ.

ಮೊದಲ 24 ಗಂಟೆ ಮೇಕಪ್ ಬೇಡ, ಬೆವರಿಳಿಸುವ ಲೋಕಲ್ ಪ್ರಯಾಣ ಬೇಡ, ಬಿಸಿಲಂತೂ ಬೇಡವೇ ಬೇಡ. ಸೋಮವಾರದಿಂದ ಝಿಂಕ್ ಆಕ್ಸೈಡ್ ಇರುವ, ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಹಚ್ಚಿಕೊಂಡು ಹೊರಡಿ.

ನಿಜವಾಗಿ ಬಂಗಿಗೆ ಸೂಜಿಯ ಜೊತೆ ಹೊಂದುವುದು ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಔಷಧಿ. ಬೆಂಗಳೂರಿನ ವೈದ್ಯರು 60 ರೋಗಿಗಳ ಮೇಲೆ ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದರು: ಔಷಧಿಯನ್ನು ಚುಚ್ಚಿದ ಗುಂಪಿನಲ್ಲಿ ಶೇ. 36ರಷ್ಟು, ಮೈಕ್ರೋನೀಡ್ಲಿಂಗ್ ಮೂಲಕ ಕೊಟ್ಟ ಗುಂಪಿನಲ್ಲಿ ಶೇ. 44ರಷ್ಟು ಸುಧಾರಣೆ. ಅದು ಕ್ಲಿನಿಕ್‌ನಲ್ಲಿ, ಸ್ಟೆರೈಲ್ (ರೋಗಾಣುರಹಿತ) ಔಷಧಿಯಿಂದ ಆದದ್ದು. ಮೆಡಿಕಲ್‌ನಿಂದ ಇಂಜೆಕ್ಷನ್‌ನ ಗಾಜಿನ ಆಂಪ್ಯೂಲ್ ತಂದು ಮನೆಯಲ್ಲಿ ಒಡೆಯುವವರೂ ಇದ್ದಾರೆ, ದಯವಿಟ್ಟು ಅವರಲ್ಲೊಬ್ಬರಾಗಬೇಡಿ.

ಪ್ರಶ್ನೆ: ನಾನೂ ಅಕ್ಕನೂ ಒಂದೇ ರೋಲರ್ ಬಳಸುತ್ತೇವೆ, ಪ್ರತಿ ಸಲ ಬಿಸಿನೀರಲ್ಲಿ ಅದ್ದುತ್ತೇವೆ. ಸಾಕೇ? (ಮಡಗಾಂವ್)

ಉತ್ತರ: ಸಾಲದು. ಕಣ್ಣಿಗೆ ಕಾಣದಷ್ಟು ರಕ್ತದಿಂದಲೂ ಹೆಪಟೈಟಿಸ್ ಬಿ ಹರಡುತ್ತದೆ. ಅಮೆರಿಕದ ಒಂದು ಸ್ಪಾದಲ್ಲಿ ರಕ್ತಾಂಶ ಬಳಸುವ ಮೈಕ್ರೋನೀಡ್ಲಿಂಗ್ ಮಾಡಿಸಿಕೊಂಡವರಿಗೆ ಎಚ್‌ಐವಿ ತಗಲಿದ್ದನ್ನು ಅಲ್ಲಿನ ಸರ್ಕಾರಿ ಸಂಸ್ಥೆ ಸಿಡಿಸಿ 2024ರಲ್ಲಿ ವರದಿ ಮಾಡಿದೆ. ಅಕ್ಕನಿಗೊಂದು, ನಿಮಗೊಂದು ಇರಲಿ. ಬಳಸಿದ ಮೇಲೆ ತೊಳೆದು ಶೇ. 70 ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಹತ್ತು ನಿಮಿಷ ಮುಳುಗಿಸಿ, ಒಣಗಿಸಿ ಮುಚ್ಚಿಡಿ. ಇದರಿಂದ ರೋಲರ್ ಸ್ಟೆರೈಲ್ ಏನೂ ಆಗದು, ನಿಮ್ಮೊಬ್ಬರ ಬಳಕೆಗೆ ನಡೆಯುತ್ತದೆ. ಹತ್ತಿಯ ಮೇಲೆ ಉರುಳಿಸಿ ನೋಡಿ, ಎಳೆ ಸಿಕ್ಕಿಕೊಂಡರೆ ಸೂಜಿಯ ತುದಿ ಬಾಗಿದೆ. ಆಗ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ಟೇಪ್ ಸುತ್ತಿ ಎಸೆಯಿರಿ, ಕಸ ಎತ್ತುವವರ ಕೈಗೆ ಚುಚ್ಚಬಾರದು.