ಕಥೋಲಿಕ ಪುರುಷರ ಪ್ರಾರ್ಥನಾ ಬಳಗಕ್ಕೆ ಸೇರಬೇಕೇ, ಒಬ್ಬನೇ ಪ್ರಾರ್ಥಿಸಿದರೆ ಸಾಲದೇ?

ನಿಮ್ಮ ಧರ್ಮಕೇಂದ್ರದ ಪುರುಷರ ಬಳಗಕ್ಕೆ ಗೆಳೆಯರೊಬ್ಬರು ಕರೆಯುತ್ತಿದ್ದಾರೆ, ಆದರೆ ನಾಲ್ಕು ಜನರ ಎದುರು ಬಾಯಿಬಿಟ್ಟು ಪ್ರಾರ್ಥಿಸುವುದು ನಿಮಗೆ ಮುಜುಗರ ಎಂದು ಬರೆದಿದ್ದೀರಿ. ಕೋಣೆಯ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಿರಿ ಎಂದು ಯೇಸುಸ್ವಾಮಿಯವರೇ ಹೇಳಿರುವಾಗ ಗುಂಪಿನ ಅಗತ್ಯವೇನು ಎಂದೂ ಕೇಳಿದ್ದೀರಿ. ಅಂಥದೊಂದು ಬಳಗದಲ್ಲಿ ನಾನು 11 ವರ್ಷಗಳಿಂದ ಇದ್ದೇನೆ. ಮೊದಲ ಆರು ತಿಂಗಳು ಅಲ್ಲಿ ಸ್ವಂತ ಮಾತಿನಲ್ಲಿ ಒಂದೇ ಒಂದು ವಾಕ್ಯವನ್ನೂ ನಾನು ಪ್ರಾರ್ಥಿಸಲಿಲ್ಲ. ಅದನ್ನು ಯಾರೂ ಕೊರತೆಯೆಂದು ಎಣಿಸಲೂ ಇಲ್ಲ. ಆದ್ದರಿಂದ ನಿಮ್ಮ ಮುಜುಗರದಿಂದಲೇ ಆರಂಭಿಸುತ್ತೇನೆ.

ನಾವು ಹತ್ತು ಹನ್ನೆರಡು ಮಂದಿ ಶನಿವಾರ ಬೆಳಗ್ಗೆ ಆರು ಗಂಟೆಗೆ ಸೇರುತ್ತೇವೆ. ಧರ್ಮಸಭೆಯ ದೈನಂದಿನ ಪ್ರಾರ್ಥನಾವಿಧಿಯ ಪುಸ್ತಕ ಎಲ್ಲರ ಕೈಯಲ್ಲೂ ಇರುತ್ತದೆ. ಗುರುಗಳೂ ಸನ್ಯಾಸಿನಿಯರೂ ದಿನವೂ ಹೇಳುವ ಪ್ರಾರ್ಥನೆಯೇ ಇದು. 1971ರಲ್ಲಿ ಪರಿಷ್ಕೃತವಾದ ಕ್ರಮದಲ್ಲಿ ಬೈಬಲಿನ ಕೀರ್ತನೆಗಳು ನಾಲ್ಕು ವಾರಗಳ ಸುತ್ತಿನಲ್ಲಿ ಬರುತ್ತವೆ. ಆರಂಭದಲ್ಲಿ ಹೆಬ್ಬೆರಳಿನಿಂದ ತುಟಿಗಳ ಮೇಲೆ ಪುಟ್ಟ ಶಿಲುಬೆಯ ಗುರುತು ಹಾಕಿಕೊಂಡು, 'ಪ್ರಭುವೇ, ನನ್ನ ತುಟಿಗಳನ್ನು ತೆರೆಯಿರಿ' ಎನ್ನುತ್ತೇವೆ. ದಿನದ ಮೊದಲ ಮಾತೇ ಇದು. ಅಂದರೆ ಬಾಯಿ ತೆರೆಯುವ ಶಕ್ತಿಯೂ ನಮ್ಮದಲ್ಲ, ಅದನ್ನೂ ಬೇಡಿ ಪಡೆಯಬೇಕು ಎಂಬ ಒಪ್ಪಿಗೆ. ಎದುರಿನವರ ಮುಂದೆ ಏನು ಹೇಳಲಿ ಎಂದು ಚಿಂತಿಸುವವನಿಗೆ ಇದಕ್ಕಿಂತ ದೊಡ್ಡ ನೆಮ್ಮದಿ ಬೇರೆ ಇಲ್ಲ. ಹೇಳಬೇಕಾದುದು ಪುಸ್ತಕದಲ್ಲಿದೆ, ಮತ್ತು ಅದು ಯಾರೊಬ್ಬರ ಜಾಣ್ಮೆಯನ್ನೂ ಪರೀಕ್ಷಿಸುವುದಿಲ್ಲ.

ಬಳಿಕ ಕೀರ್ತನೆಗಳು. ಎರಡು ಸಾಲಾಗಿ ಎದುರುಬದುರು ಕುಳಿತು, ಒಂದು ಚರಣವನ್ನು ಈ ಸಾಲಿನವರು, ಮುಂದಿನದನ್ನು ಆ ಸಾಲಿನವರು ಹೇಳುತ್ತೇವೆ. ನಮ್ಮ ಪುಸ್ತಕದಲ್ಲಿ ಪ್ರತಿ ವಚನದ ನಡುವೆ ಒಂದು ಸಣ್ಣ ನಕ್ಷತ್ರ ಚಿಹ್ನೆ ಇದೆ. ಅಲ್ಲಿ ನಿಲ್ಲಬೇಕು; ಎಲ್ಲರೂ ಒಂದು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಮೌನವಾಗಿದ್ದು, ಉಳಿದರ್ಧವನ್ನು ಒಟ್ಟಿಗೆ ಎತ್ತಿಕೊಳ್ಳಬೇಕು. ಹೊಸಬರೆಲ್ಲ ಇಲ್ಲೇ ಎಡವುತ್ತಾರೆ. ನಾನಂತೂ ಕಚೇರಿಯಲ್ಲಿ ವರದಿ ಓದುವವನಂತೆ ಓಡುತ್ತಿದ್ದೆ. ನಿಂತು ನೋಡಿದರೆ ನನ್ನ ದನಿಯೊಂದೇ ಮುಂದೆ ಹೋಗಿರುತ್ತಿತ್ತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಏನೂ ಹೇಳದೆ, ನಕ್ಷತ್ರ ಬಂದಲ್ಲೆಲ್ಲ ನನ್ನ ಪುಸ್ತಕದ ಮೇಲೆ ಬೆರಳಿಡುತ್ತಿದ್ದರು. ಪಕ್ಕದವನ ಉಸಿರು ಕೇಳಿಸದೆ ಮುಂದಿನ ಪದ ಹೇಳಬಾರದು ಎಂಬುದು ನನಗೆ ಹೊಳೆಯಲು ಎರಡು ತಿಂಗಳು ಬೇಕಾದವು. ಸಂತ ಬೆನೆಡಿಕ್ಟರು ತಮ್ಮ ಮಠನಿಯಮದ 19ನೇ ಅಧ್ಯಾಯದಲ್ಲಿ, ಕೀರ್ತನೆ ಹಾಡುವಾಗ ಮನಸ್ಸು ದನಿಯೊಂದಿಗೆ ಹೊಂದಿಕೊಳ್ಳಬೇಕು ಎಂದಿದ್ದಾರೆ. ಮನಸ್ಸಿಗೆ ತಕ್ಕಂತೆ ದನಿ ಎಂದು ಅವರು ಹೇಳಲಿಲ್ಲ ಎಂಬುದನ್ನು ಗಮನಿಸಿ.

ಕೀರ್ತನೆಗಳು ಮುಗಿದ ಮೇಲೆ ಶುಭಸಂದೇಶದ ಗೀತೆಯೊಂದು ಬರುತ್ತದೆ. ಬೆಳಗಿನ ಪ್ರಾರ್ಥನೆಯಲ್ಲಿ ಅದು ಯಾವಾಗಲೂ ಸ್ನಾನಿಕ ಯೊವಾನ್ನನ ತಂದೆ ಜಕರೀಯನ ಗೀತೆ, ಲೂಕನ ಶುಭಸಂದೇಶದ ಮೊದಲ ಅಧ್ಯಾಯದ್ದು. ದೇವದೂತನ ಮಾತನ್ನು ನಂಬದೆ ಮೂಕನಾಗಿ, ಮಗ ಹುಟ್ಟಿ ಅವನಿಗೆ ಹೆಸರಿಡುವವರೆಗೆ ಹಲಗೆಯ ಮೇಲೆ ಬರೆದು ತೋರಿಸುವ ಸ್ಥಿತಿಯಲ್ಲಿದ್ದ ಮುದುಕನೊಬ್ಬನ ಬಾಯಿಂದ ಬಂದ ಮೊದಲ ಮಾತುಗಳು ಅವು. ಮನಸ್ಸಿನಲ್ಲಿರುವುದನ್ನು ಹೇಳಲಾರದ ಗಂಡಸರ ಗುಂಪಿಗೆ ಇದಕ್ಕಿಂತ ತಕ್ಕ ಗೀತೆ ಸಿಗುವುದು ಕಷ್ಟ ಎಂದು ನಮ್ಮಲ್ಲೊಬ್ಬರು ತಮಾಷೆ ಮಾಡುತ್ತಾರೆ.

ಇನ್ನು ಒಬ್ಬನೇ ಪ್ರಾರ್ಥಿಸಿದರೆ ಸಾಲದೇ ಎಂಬ ಪ್ರಶ್ನೆ. ಮತ್ತಾಯನ 6ನೇ ಅಧ್ಯಾಯದ ಆ ಮಾತು, ಜನರು ನೋಡಲಿ ಎಂದು ಬೀದಿಯ ಮೂಲೆಯಲ್ಲಿ ನಿಂತು ಪ್ರಾರ್ಥಿಸುವವರನ್ನು ಕುರಿತದ್ದು. ಅದಾದ ಮೂರೇ ವಚನಗಳಲ್ಲಿ ಯೇಸುಸ್ವಾಮಿಯವರು ಕಲಿಸುವ ಪ್ರಾರ್ಥನೆ 'ನಮ್ಮ ತಂದೆಯೇ' ಎಂದು ಬಹುವಚನದಲ್ಲಿ ಆರಂಭವಾಗುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲೂ ಅದನ್ನು 'ನನ್ನ ತಂದೆಯೇ' ಎಂದು ತಿದ್ದಿಕೊಳ್ಳುವಂತಿಲ್ಲ. ಆದರೆ ನನಗೆ ಈ ಮಾತು ಮನವರಿಕೆಯಾದದ್ದು ವ್ಯಾಖ್ಯಾನದಿಂದಲ್ಲ.

ನಮ್ಮ ತಂದೆ ತೀರಿಕೊಂಡ ಮೂರನೇ ವಾರ ನಾನು ಬಳಗಕ್ಕೆ ಹೋದೆ. ಹೋಗಲೇಬೇಕೆಂಬ ಭಕ್ತಿಯಿಂದಲ್ಲ, ಮನೆಯಲ್ಲಿ ಕುಳಿತಿರಲಾಗದೆ. ಮನೆಯಲ್ಲಿ ಒಬ್ಬನೇ ಪ್ರಾರ್ಥಿಸಲು ಕುಳಿತಾಗಲೆಲ್ಲ ಆಸ್ಪತ್ರೆಯ ಬಿಲ್ಲುಗಳ ಲೆಕ್ಕ ಮತ್ತು ಅಣ್ಣನ ಮೇಲಿನ ಸಿಟ್ಟು ಮಾತ್ರ ನೆನಪಾಗುತ್ತಿದ್ದವು. ಅಂದು ಪುಸ್ತಕ ತೆರೆದರೂ ನನ್ನಿಂದ ದನಿ ಹೊರಡಲಿಲ್ಲ. ನನ್ನ ಸಾಲಿನ ಐದು ಜನ ನನ್ನ ಪಾಲಿನದನ್ನೂ ಹೇಳಿದರು. ನಕ್ಷತ್ರದಲ್ಲಿ ನಿಂತರು, ಉಸಿರೆಳೆದುಕೊಂಡರು, ಮುಂದುವರಿದರು. ಒಬ್ಬರೂ ತಿರುಗಿ ನನ್ನತ್ತ ನೋಡಲಿಲ್ಲ. ಪ್ರಾರ್ಥನೆ ನನ್ನ ಮನಸ್ಥಿತಿಯನ್ನು ನಂಬಿಕೊಂಡಿಲ್ಲ, ನಾನು ಸುಮ್ಮನಾದರೂ ಅದು ನಡೆಯುತ್ತದೆ, ಮತ್ತು ನನ್ನನ್ನೂ ಒಳಗಿಟ್ಟುಕೊಂಡೇ ನಡೆಯುತ್ತದೆ ಎಂಬುದು ಅಂದು ತಿಳಿಯಿತು. ಇದರ ಇನ್ನೊಂದು ಮುಖವೂ ಇದೆ. ಶುಕ್ರವಾರದ ರಾತ್ರಿ ಪ್ರಾರ್ಥನೆಯಲ್ಲಿ 88ನೇ ಕೀರ್ತನೆ ಬರುತ್ತದೆ; ಅದು ಆರಂಭದಿಂದ ಕೊನೆಯವರೆಗೂ ಗೋಳು, ಕೊನೆಯ ಪದಗಳೂ ಕತ್ತಲೆಯ ಬಗ್ಗೆಯೇ. ಸುಖವಾಗಿರುವ ದಿನ ಅದನ್ನು ಹೇಳುವುದು ಕಪಟವೆನಿಸಬಹುದು. ಆದರೆ ಬಳಗದಲ್ಲಿ ಕೆಲಸ ಕಳೆದುಕೊಂಡವರೊಬ್ಬರು ಇರುವಾಗ ಅದು ಯಾರ ಪರವಾಗಿ ಹೇಳುತ್ತಿರುವ ಮಾತು ಎಂದು ವಿವರಿಸಬೇಕಾಗುವುದಿಲ್ಲ.

ಇದು ಯಾರೋ ಹೊಸದಾಗಿ ಹುಟ್ಟಿಸಿದ ಅಭ್ಯಾಸವಲ್ಲ. ಶ್ರೀಸಾಮಾನ್ಯರೂ ಗುರುಗಳೊಂದಿಗೆ, ಇಲ್ಲವೇ ತಮ್ಮತಮ್ಮಲ್ಲೇ ಸೇರಿ, ಇಲ್ಲವೇ ಒಬ್ಬೊಬ್ಬರಾಗಿ ಈ ಪ್ರಾರ್ಥನೆಯನ್ನು ಹೇಳಬೇಕೆಂದು ಲೋಕದ ಕಥೋಲಿಕ ಧರ್ಮಾಧ್ಯಕ್ಷರು ಸೇರಿದ್ದ ದ್ವಿತೀಯ ವ್ಯಾಟಿಕನ್ ಮಹಾಸಭೆಯ 1963ರ ಆರಾಧನಾವಿಧಿ ಸಂವಿಧಾನ ಪ್ರೋತ್ಸಾಹಿಸಿದೆ. 16ನೇ ಶತಮಾನದ ರೋಮಿನಲ್ಲಿ ಸಂತ ಫಿಲಿಪ್ ನೇರಿಯವರ ಕೋಣೆಗೆ ಮಧ್ಯಾಹ್ನದ ಹೊತ್ತು ಕೆಲವು ಗಂಡಸರು ಬರುತ್ತಿದ್ದರು. ಒಂದು ಪುಸ್ತಕ ಓದಿ, ಅದರ ಮೇಲೆ ಮಾತನಾಡಿ, ಹಾಡಿ, ಪ್ರಾರ್ಥಿಸುತ್ತಿದ್ದರು. ಜನ ಹೆಚ್ಚಾಗಿ ಕೋಣೆ ಸಾಲದಾಯಿತು. ಸಂಗೀತದಲ್ಲಿ ಇಂದು 'ಒರಟೋರಿಯೊ' ಎನ್ನುವ ಪ್ರಕಾರಕ್ಕೆ ಹೆಸರು ಬಂದದ್ದು ಅವರ ಆ ಪ್ರಾರ್ಥನಾ ಮಂದಿರದಿಂದ. ಪ್ಯಾರಿಸ್ಸಿನಲ್ಲಿ 1833ರ ಏಪ್ರಿಲ್ 23ರಂದು, ತಮ್ಮ 20ನೇ ಹುಟ್ಟುಹಬ್ಬದ ದಿನ, ಫ್ರೆಡೆರಿಕ್ ಒಜಾನಾಂ ಕೆಲವೇ ಗೆಳೆಯರೊಂದಿಗೆ ಸೇರಿ ಆರಂಭಿಸಿದ್ದು ಸಂತ ವಿನ್ಸೆಂಟ್ ದೆ ಪಾಲ್ ಸಭೆಯಾಗಿ ಬೆಳೆಯಿತು. ಬಡವರ ಮನೆಗಳಿಗೆ ಹೋಗುವುದೇ ಅದರ ಮುಖ್ಯ ಕೆಲಸವಾದರೂ ಅದರ ಸಭೆಗಳು ಪ್ರಾರ್ಥನೆಯಿಂದಲೇ ಆರಂಭವಾಗಿ ಪ್ರಾರ್ಥನೆಯಿಂದಲೇ ಮುಗಿಯುತ್ತವೆ.

ಈಗ ನಿಮ್ಮ ಗೆಳೆಯರು ಬಹುಶಃ ಹೇಳದೆ ಉಳಿಸಿರುವ ಸಂಗತಿಗೆ ಬರುತ್ತೇನೆ. ಪ್ರಾರ್ಥನೆಯ ನಂತರ ಅರ್ಧ ಗಂಟೆ ನಾವು ಮನಸ್ಸಿನ ಮಾತುಗಳನ್ನು ಹಂಚಿಕೊಳ್ಳುತ್ತೇವೆ, ಮತ್ತು ಬಳಗಗಳು ಕೆಡುವುದು ಸಾಮಾನ್ಯವಾಗಿ ಇಲ್ಲೇ. ನಮ್ಮಲ್ಲೊಬ್ಬರು ತಮ್ಮ ಕುಡಿತದ ಬಗ್ಗೆ ಹೇಳಿಕೊಂಡದ್ದು ಎರಡೇ ವಾರಗಳಲ್ಲಿ ಹೊರಗಿನವರ ಬಾಯಲ್ಲಿತ್ತು. ಅವರು ಮತ್ತೆ ಬರಲಿಲ್ಲ. ನಾವು ಮೂವರು ಮನೆಗೆ ಹೋಗಿ ಕ್ಷಮೆ ಕೇಳಿದಾಗ ಗೌರವದಿಂದ ಕೂರಿಸಿದರು, ಅಷ್ಟೇ. ಪಾಪನಿವೇದನೆಯ ಗುಟ್ಟನ್ನು ಕಾಪಾಡಲು ಗುರುಗಳು ಧರ್ಮಸಭೆಯ ಕಾನೂನಿಗೆ ಬದ್ಧರು, ಆದರೆ ಬಳಗದ ಗುಟ್ಟಿಗೆ ಒಬ್ಬರಿಗೊಬ್ಬರು ಕೊಟ್ಟ ಮಾತಿನ ಹೊರತು ಬೇರೆ ಬೇಲಿಯಿಲ್ಲ. ಆ ಘಟನೆಯ ನಂತರ ನಾವು ಎರಡು ನಿಯಮ ಮಾಡಿಕೊಂಡೆವು. ಪಾಪನಿವೇದನೆಗೆ ಸೇರಿದ್ದನ್ನು ಇಲ್ಲಿಗೆ ತರಬಾರದು. ಒಬ್ಬರು ಮಾತನಾಡಿದ ಮೇಲೆ, ಅವರಾಗಿ ಕೇಳದ ಹೊರತು ಯಾರೂ ಸಲಹೆ ಕೊಡಬಾರದು. ಒಂದು 'ನಮೋ ಮರಿಯ' ಪ್ರಾರ್ಥನೆ ಹೇಳಿ ಮುಂದಿನವರಿಗೆ ಸರದಿ ಬಿಡಬೇಕು. ಎರಡನೆಯದನ್ನು ಪಾಲಿಸುವುದು ನಮಗೆ ಇಂದಿಗೂ ಕಷ್ಟ. ಗಂಡಸರಿಗೆ ಸಮಸ್ಯೆಯೊಂದು ಕಿವಿಗೆ ಬಿದ್ದರೆ ಪರಿಹಾರ ಹೇಳದೆ ನಾಲಗೆ ಸುಮ್ಮನಿರುವುದಿಲ್ಲ.

ಇನ್ನೊಂದು ಅಪಾಯ ಕೆಲಸದ ರೂಪದಲ್ಲಿ ಬರುತ್ತದೆ. ಹಬ್ಬದ ಚಪ್ಪರ, ಕುರ್ಚಿ ಸಾಗಣೆ, ಚಂದಾ ಲೆಕ್ಕ ಎಲ್ಲವೂ 'ಹೇಗೂ ಸೇರಿದ್ದೀರಲ್ಲ' ಎಂದು ಬಳಗದ ತಲೆಗೆ ಬೀಳುತ್ತವೆ. ಒಂದು ವರ್ಷ ನಾವು ಪ್ರಾರ್ಥನೆಗೆ ಹತ್ತು ನಿಮಿಷ, ಚಪ್ಪರಕ್ಕೆ ಐವತ್ತು ನಿಮಿಷ ಕೊಟ್ಟೆವು, ಮತ್ತು ಆ ವರ್ಷವೇ ನಾಲ್ವರು ಬಿಟ್ಟುಹೋದರು. ಮನೆಯ ಹೊತ್ತನ್ನು ಕಸಿಯುವ ಬಳಗವೂ ನನಗೆ ಒಪ್ಪಿಗೆಯಿಲ್ಲ. ನಾವು ಬೆಳಗಿನ ಹೊತ್ತನ್ನು ಆರಿಸಿಕೊಂಡದ್ದೇ ಮಕ್ಕಳು ಏಳುವ ವೇಳೆಗೆ ಮನೆ ಸೇರಬಹುದು ಎಂದು.

ನಿಮ್ಮ ಗೆಳೆಯರ ಬಳಗದಲ್ಲಿ ಇಂತಹ ನಿಯಮಗಳಿವೆಯೇ, ಪ್ರಾರ್ಥನೆಗೆ ಎಷ್ಟು ಹೊತ್ತು ಕೊಡುತ್ತಾರೆ, ಧರ್ಮಕೇಂದ್ರದ ಗುರುಗಳಿಗೆ ಅದರ ಪರಿಚಯವಿದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಹೋದರೆ ತಿಂಗಳಾದರೂ ಬಿಡದೆ ಹೋಗಿ, ಏಕೆಂದರೆ ಮೊದಲ ದಿನ ಪುಟ ಹುಡುಕುವುದರಲ್ಲೇ ಕಳೆಯುತ್ತದೆ. ಹಳಬರೊಬ್ಬರ ಪಕ್ಕದಲ್ಲಿ ಕುಳಿತು, ದನಿ ತಗ್ಗಿಸಿ ಹೇಳಿ. ನಕ್ಷತ್ರ ಕಂಡಲ್ಲಿ ನಿಲ್ಲಿ. ಮುಂದಿನ ಪದವನ್ನು ಅವರು ಎತ್ತಿಕೊಳ್ಳುತ್ತಾರೆ.